ಹಣ್ಣಿನ ಮೇಲಿನ ಮೇಣ: ಹೆದರುವ ಮೊದಲು ಹೆಸರು ಕೇಳೋಣ

ನೋಂಬಿನ ತಿಂಗಳು ಹತ್ತಿರವಾದಂತೆ ನಮ್ಮ ಮನೆಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಒಂದು ವೀಡಿಯೊ ತಪ್ಪದೆ ಬಂದು ಸೇರುತ್ತದೆ. ಯಾರೋ ಒಬ್ಬರು ಹೊಳೆಯುವ ಕೆಂಪು ಸೇಬನ್ನು ಚಾಕುವಿನಿಂದ ಕೆರೆಯುತ್ತಾರೆ, ಬಿಳಿ ಪುಡಿ ಉದುರುತ್ತದೆ. "ಇದು ಮೇಣದ ಬತ್ತಿಯ ಮೇಣ, ಮಕ್ಕಳಿಗೆ ಕೊಟ್ಟರೆ ಕ್ಯಾನ್ಸರ್" ಎಂಬ ಮಾತು ಅದರ ಜೊತೆಗಿರುತ್ತದೆ. ಅದನ್ನು ನೋಡಿದ ತಾಯಂದಿರು ಮಕ್ಕಳ ತಟ್ಟೆಯಿಂದ ಸೇಬನ್ನು ತೆಗೆದುಬಿಡುತ್ತಾರೆ. ಹಣ್ಣಿನ ಜಾಗಕ್ಕೆ ಬಿಸ್ಕತ್ತೋ ಚಿಪ್ಸೋ ಬರುತ್ತದೆ. ಅದರ ಬಗ್ಗೆ ಯಾರೂ ವೀಡಿಯೊ ಮಾಡುವುದಿಲ್ಲ.

ಇನ್ನೊಂದು ಕಡೆ ಇದಕ್ಕೆ ತೀರಾ ವಿರುದ್ಧವಾದ ಮಾತು ಕೇಳಿಬರುತ್ತದೆ. ಗಲ್ಫಿನಿಂದ ಬರುವ ವಿಟಮಿನ್ ಬಾಟಲಿಗಳಲ್ಲಿ, ಮಕ್ಕಳ ಗಮ್ಮಿ ಡಬ್ಬಿಗಳಲ್ಲಿ, ಆನ್‌ಲೈನ್ ಜಾಹೀರಾತುಗಳಲ್ಲಿ "ಸಸ್ಯಜನ್ಯ ಲೇಪನ" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಸಸ್ಯದ್ದು ಅಂದಮೇಲೆ ಸುರಕ್ಷಿತ, ಸಸ್ಯದ್ದು ಅಂದಮೇಲೆ ಹಲಾಲ್ ಎಂದು ನಾವೇ ತೀರ್ಮಾನಿಸಿಕೊಂಡು ಬಾಟಲಿ ಬಿಚ್ಚುತ್ತೇವೆ.

ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಯವರು ಒಂದೇ ಪ್ರಶ್ನೆಯನ್ನು ಕೇಳಲು ಮರೆತಿದ್ದಾರೆ: ಆ ಮೇಣದ ಹೆಸರೇನು? ಹೆಸರು ಗೊತ್ತಾದರೆ ಅದು ಎಲ್ಲಿಂದ ಬಂತು, ಎಷ್ಟು ಹಾಕಬಹುದು, ಹಲಾಲಿನ ವಿಷಯದಲ್ಲಿ ಯಾರನ್ನು ಏನು ಕೇಳಬೇಕು ಎಂಬುದೆಲ್ಲ ಗೊತ್ತಾಗುತ್ತದೆ. ಹೆಸರೇ ಇಲ್ಲದಿದ್ದರೆ ಹೆದರಿಕೆಗೂ ಆಧಾರವಿಲ್ಲ, ನಂಬಿಕೆಗೂ ಆಧಾರವಿಲ್ಲ.

ಬಿಳೂರಿನ ಸೀಮೆಯ ದ್ರಾಕ್ಷಿ ಹೇಳುವ ಪಾಠ

ನೆಯ್‌ಚೋರಿನ ಮೇಲೆ ತುಪ್ಪದಲ್ಲಿ ಹುರಿದು ಹಾಕುವ ಒಣದ್ರಾಕ್ಷಿ ಎಲ್ಲಿಂದ ಬರುತ್ತದೆ ಎಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅಂಗಡಿಯಿಂದ ಬರುತ್ತದೆ, ಅಷ್ಟೆ. ಆದರೆ ನಮ್ಮ ದೇಶದ ಒಣದ್ರಾಕ್ಷಿಯಲ್ಲಿ ಬಹುದೊಡ್ಡ ಪಾಲು ಮಹಾರಾಷ್ಟ್ರದ ಸಾಂಗ್ಲಿ, ಸೊಲ್ಲಾಪುರ, ನಾಸಿಕ್ ಮತ್ತು ನಮ್ಮದೇ ವಿಜಯಪುರ ಜಿಲ್ಲೆಗಳಿಂದ ಬರುತ್ತದೆ. ಸಾಂಗ್ಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಆ ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರದಲ್ಲಿ, ಬಿಳೂರ ಎಂಬ ಊರಿದೆ. ಕರಾವಳಿಯ ನಮ್ಮಲ್ಲಿ ಹೆಚ್ಚಿನವರು ಈ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ಅಲ್ಲಿ ಹೋಗಿ ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಜತ್ ತಾಲ್ಲೂಕಿನ ಗಡಿಹಳ್ಳಿಗಳು ಆಡಳಿತದಲ್ಲಿ ಮಹಾರಾಷ್ಟ್ರಕ್ಕೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡದವು. ಇದು ಮಳೆ ಕಡಿಮೆಯ ಸೀಮೆ. ನೀರಿನ ಸಲುವಾಗಿಯೇ ಇಲ್ಲಿನ ಕೆಲವು ಹಳ್ಳಿಗಳವರು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಹೇಳಿದ್ದು 2022ರ ಕೊನೆಯಲ್ಲಿ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಂಥ ಒಣ ನೆಲದಲ್ಲಿ ಹನಿ ನೀರಾವರಿ ಮಾಡಿ ಜನ ದ್ರಾಕ್ಷಿ, ದಾಳಿಂಬೆ ಬೆಳೆಯುತ್ತಾರೆ.

ಈ ಸೀಮೆಯ ದ್ರಾಕ್ಷಿಯ ಗೊಂಚಲನ್ನು ಬಳ್ಳಿಯಲ್ಲೇ ನೋಡಿದರೆ ಕಾಳಿನ ಮೇಲೆ ಬೂದಿ ಸವರಿದಂತೆ ತೆಳ್ಳಗೆ ಬಿಳಿ ಪದರ ಕಾಣುತ್ತದೆ. ಪೇಟೆಯ ಜನ ಅದನ್ನು ಔಷಧಿಯ ಪುಡಿ ಎಂದುಕೊಂಡು ಉಜ್ಜಿ ಉಜ್ಜಿ ತೊಳೆಯುತ್ತಾರೆ. ವಾಸ್ತವದಲ್ಲಿ ಅದು ದ್ರಾಕ್ಷಿ ತಾನೇ ತಯಾರಿಸಿಕೊಂಡ ಮೇಣ. ಹಣ್ಣಿನೊಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ಅದು ಕಾಯುತ್ತದೆ. ಒಳ್ಳೆಯ ಬೆಳೆಗಾರ ಕೊಯ್ಯುವಾಗ ಗೊಂಚಲಿನ ತೊಟ್ಟನ್ನು ಮಾತ್ರ ಹಿಡಿಯುತ್ತಾನೆ. ಕಾಳನ್ನು ಮುಟ್ಟಿದರೆ ಆ ಪದರ ಅಳಿಸಿಹೋಗಿ ಹಣ್ಣು ಬೇಗ ಬಾಡುತ್ತದೆ, ಬೆಲೆಯೂ ಇಳಿಯುತ್ತದೆ.

ಅದೇ ದ್ರಾಕ್ಷಿಯನ್ನು ಒಣಗಿಸಬೇಕಾದಾಗ ಈ ಮೇಣ ಅಡ್ಡಿಯಾಗುತ್ತದೆ, ನೀರನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ರೈತರು ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು "ಡಿಪ್ಪಿಂಗ್ ಆಯಿಲ್" ಎಂದು ಕರೆಯುವ ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಲೀಟರಿಗೆ ಸುಮಾರು 25 ಗ್ರಾಂ ಮೊದಲನೆಯದು, 15 ಮಿಲಿ ಎರಡನೆಯದು. ಆಗ ಮೇಣದ ಪದರ ಸಡಿಲವಾಗಿ ನೀರು ಹೊರಬರುತ್ತದೆ. ನೆರಳಿನ ಚಪ್ಪರದಲ್ಲಿ ಬಲೆಯ ಅಟ್ಟಗಳ ಮೇಲೆ ಹರಡಿದರೆ ಸುಮಾರು ಎರಡು ವಾರದಲ್ಲಿ ಒಣದ್ರಾಕ್ಷಿ ಸಿದ್ಧ. ಅದ್ದದೆ ಇದ್ದರೆ ಸುಮಾರು ಅದರ ಎರಡರಷ್ಟು ದಿನ ಬೇಕು. ನಾಲ್ಕು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ರಾಸಾಯನಿಕದ ಹೆಸರು ಕೇಳಿ ಇದು ಈಗಿನವರ ಕುತಂತ್ರ ಎಂದುಕೊಳ್ಳಬೇಡಿ. ಬೂದಿಯ ನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿಯನ್ನು ಅದ್ದುವ ಕ್ರಮವನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಬರೆದಿಟ್ಟಿದ್ದಾನೆ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮೇಣ ಹಣ್ಣಿಗೆ ಹೊರಗಿನ ವಸ್ತುವಲ್ಲ. ದ್ರಾಕ್ಷಿಗೆ ಮೇಣವಿದೆ, ಸೇಬಿಗಿದೆ, ಪ್ಲಮ್ಮಿಗಿದೆ. ಹಿತ್ತಲಿನ ಬೂದುಗುಂಬಳದ ಮೇಲಿನ ಬೂದಿಯೂ ಅದೇ. ಅಂಗಡಿಯ ಸೇಬನ್ನು ಕೆರೆದಾಗ ಬರುವ ಬಿಳಿ ಪುಡಿಯಲ್ಲಿ ಎಷ್ಟು ಸೇಬಿನದೇ, ಎಷ್ಟು ಹೊರಗಿನಿಂದ ಹಚ್ಚಿದ್ದು ಎಂದು ಚಾಕು ಹೇಳುವುದಿಲ್ಲ. ಹಾಗಾಗಿ ಆ ವೀಡಿಯೊ ಏನನ್ನೂ ಸಾಬೀತು ಮಾಡುವುದಿಲ್ಲ.

ಹಾಗಾದರೆ ಹೊರಗಿನಿಂದ ಯಾಕೆ ಹಚ್ಚುತ್ತಾರೆ?

ಕೊಯ್ದ ಹಣ್ಣನ್ನು ಪ್ಯಾಕಿಂಗ್ ಶೆಡ್ಡಿನಲ್ಲಿ ತೊಳೆಯುವಾಗ, ಬ್ರಶ್ ಮಾಡುವಾಗ ಅದರ ಸ್ವಂತ ಮೇಣ ಹೋಗುತ್ತದೆ. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದು, ಹಡಗಿನಲ್ಲಿ ಬಂದು, ಮಂಗಳೂರಿನ ಸೆಕೆಯಲ್ಲಿ ತಳ್ಳುಗಾಡಿಯ ಮೇಲೆ ಕೂರುವ ಹಣ್ಣು ಅದಿಲ್ಲದೆ ಸುಕ್ಕಾಗುತ್ತದೆ. ಹೋದ ಮೇಣದ ಬದಲಿಗೆ ಒಂದಷ್ಟು ಮೇಣ ಹಚ್ಚುತ್ತಾರೆ. ಒಂದು ಹಣ್ಣಿಗೆ ತಗಲುವುದು ಒಂದೆರಡು ಹನಿ ಮಾತ್ರ. ಹೊಳಪು ಬರುವುದರಿಂದ ಗಿರಾಕಿಯ ಕಣ್ಣು ಸೆಳೆಯುತ್ತದೆ ಎಂಬುದೂ ನಿಜ.

ಸಸ್ಯಜನ್ಯ ಮೇಣಗಳಲ್ಲಿ ಮುಖ್ಯವಾದದ್ದು ಕಾರ್ನೌಬಾ. ಬ್ರೆಜಿಲಿನ ಈಶಾನ್ಯದ ಒಣ ಪ್ರದೇಶದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ಅದನ್ನು ತೆಗೆಯುತ್ತಾರೆ. ಎಲೆ ಕತ್ತರಿಸಿ, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ಇನ್ನೊಂದು ಕ್ಯಾಂಡೆಲಿಲ್ಲ, ಮೆಕ್ಸಿಕೊದ ಮರುಭೂಮಿಯ ಒಂದು ಕುರುಚಲು ಗಿಡದ್ದು. ಗಮನಿಸಿ, ಇವೆಲ್ಲ ಜತ್ ಸೀಮೆಯಂಥ ನೀರಿಲ್ಲದ ನೆಲದ ಗಿಡಗಳೇ. ಇದ್ದ ನೀರನ್ನು ಉಳಿಸಿಕೊಳ್ಳಲು ಗಿಡ ಮಾಡಿಕೊಂಡ ಹೊದಿಕೆಯನ್ನೇ ಮನುಷ್ಯ ಹಣ್ಣಿಗೆ ಹೊದಿಸುತ್ತಿದ್ದಾನೆ.

"ಕಾರಿಗೆ ಪಾಲಿಶ್ ಮಾಡುವ ಮೇಣವೂ ಕಾರ್ನೌಬಾವೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಹೌದು, ಅದೇ. ನಮ್ಮ ಉಮ್ಮಂದಿರು ತೆಂಗಿನೆಣ್ಣೆಯನ್ನು ತಲೆಗೂ ಹಚ್ಚುತ್ತಾರೆ, ದೀಪಕ್ಕೂ ಹಾಕುತ್ತಾರೆ, ಮೀನಿನ ಸಾರಿಗೂ ಹಾಕುತ್ತಾರೆ. ಒಂದು ವಸ್ತು ಇನ್ನೊಂದು ಕಡೆ ಬಳಕೆಯಾಗುತ್ತದೆ ಎಂಬುದರಿಂದ ಅದು ವಿಷವಾಗುವುದಿಲ್ಲ. ತಿನ್ನುವುದಕ್ಕೆ ಬೇಕಾದಷ್ಟು ಶುದ್ಧವಾಗಿದೆಯೇ, ಎಷ್ಟು ಪ್ರಮಾಣ ಎಂಬುದೇ ಪ್ರಶ್ನೆ.

ಪ್ರಮಾಣದ ಲೆಕ್ಕ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1992ರಲ್ಲಿ ಕಾರ್ನೌಬಾಗೆ ಒಂದು ಮಿತಿ ಹಾಕಿತು: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 7 ಮಿಲಿಗ್ರಾಂವರೆಗೆ, ಜೀವಮಾನವಿಡೀ ತಿಂದರೂ ತೊಂದರೆಯಿಲ್ಲ ಎಂಬ ಅರ್ಥದಲ್ಲಿ. 20 ಕಿಲೋ ತೂಕದ ಮಗುವಿಗೆ ಅದು ದಿನಕ್ಕೆ 140 ಮಿಲಿಗ್ರಾಂ ಆಗುತ್ತದೆ. ಯುರೋಪಿನ ಕಾನೂನು ಒಂದು ಕಿಲೋ ಹಣ್ಣಿನ ಮೇಲೆ ಹೆಚ್ಚೆಂದರೆ 200 ಮಿಲಿಗ್ರಾಂ ಕಾರ್ನೌಬಾ ಇರಬಹುದು ಎನ್ನುತ್ತದೆ. ಅಂದರೆ 200 ಗ್ರಾಂ ತೂಗುವ ಸೇಬಿನ ಮೇಲೆ ಅತಿ ಹೆಚ್ಚೆಂದರೆ 40 ಮಿಲಿಗ್ರಾಂ. ಆ ಮಗು ಮಿತಿ ಮುಟ್ಟಬೇಕಾದರೆ, ಗರಿಷ್ಠ ಮೇಣ ಹಚ್ಚಿದ ಸೇಬನ್ನು ಸಿಪ್ಪೆ ಸಮೇತ ದಿನಕ್ಕೆ ಮೂರೂವರೆ, ಅದೂ ಪ್ರತಿದಿನ ತಿನ್ನಬೇಕು. ವಿಟಮಿನ್ ಮಾತ್ರೆಗೆ ಹೊಳಪಿಗೆಂದು ಹಚ್ಚುವ ಕಾರ್ನೌಬಾ ಇದಕ್ಕಿಂತ ಬಹಳ ಕಡಿಮೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಕಾರ್ನೌಬಾವನ್ನು ಮತ್ತೆ ಪರಿಶೀಲಿಸಿತು. ಈಗ ಅನುಮತಿಯಿರುವ ಬಳಕೆಯಲ್ಲಿ ಆತಂಕಪಡುವ ಕಾರಣವಿಲ್ಲ ಎಂದಿತು. ಆದರೆ ದೀರ್ಘಕಾಲದ ವಿಷಪರೀಕ್ಷೆಗಳ ಮಾಹಿತಿ ಸಾಲದು ಎಂದು ಹೇಳಿ ತಾನಾಗಿ ದಿನದ ಮಿತಿಯನ್ನು ನಿಗದಿ ಮಾಡಲಿಲ್ಲ. ಈ ಎರಡನೆಯ ಮಾತನ್ನು ಮಾರುವವರು ಹೇಳುವುದಿಲ್ಲ, ಮೊದಲನೆಯದನ್ನು ಹೆದರಿಸುವವರು ಹೇಳುವುದಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಸರಳ: ಒಂದೆರಡು ಹಣ್ಣಿನ ಮೇಲಿನ ಕಾರ್ನೌಬಾ ಮಗುವಿಗೆ ಅಪಾಯವಲ್ಲ, ಆದರೆ "ಸಸ್ಯಜನ್ಯ" ಎಂಬ ಪದವೊಂದೇ ಸುರಕ್ಷತೆಯ ಪ್ರಮಾಣಪತ್ರವೂ ಅಲ್ಲ.

ಸಸ್ಯದ್ದಾದರೂ ಕೇಳಬೇಕಾದ ಪ್ರಶ್ನೆಗಳು

ಮೇಣ ನೀರಿನಲ್ಲಿ ಬೆರೆಯುವುದಿಲ್ಲ. ಹಣ್ಣಿನ ಮೇಲೆ ಸಿಂಪಡಿಸಬೇಕಾದರೆ ಅದನ್ನು ನೀರಿನೊಂದಿಗೆ ಬೆರೆಸುವ ಇನ್ನೊಂದು ವಸ್ತು ಬೇಕು. ಅಂಥ ವಸ್ತುಗಳಲ್ಲಿ ಒಂದು ಮಾರ್ಫೊಲಿನ್. ಅದು ನೈಟ್ರೈಟ್ ಜೊತೆ ಸೇರಿದಾಗ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತವಾಗುವ ಸಾಧ್ಯತೆಯಿದೆ ಎಂಬ ಕಾರಣಕ್ಕೆ ಯುರೋಪಿನಲ್ಲಿ ಅದಕ್ಕೆ ಅನುಮತಿಯಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಇದೆ. 2010ರಲ್ಲಿ ಬ್ರಿಟನ್ನಿಗೆ ಬಂದ ಚಿಲಿ ದೇಶದ ಸೇಬುಗಳಲ್ಲಿ ಮಾರ್ಫೊಲಿನ್ ಸಿಕ್ಕಿತು. ತಕರಾರು ಬಂದದ್ದು ಮೇಣದ ಮೇಲಲ್ಲ, ಮೇಣವನ್ನು ಹರಡಲು ಬಳಸಿದ ವಸ್ತುವಿನ ಮೇಲೆ. ಮೇಣ ಎಲೆಯಿಂದ ಬಂದಿದ್ದರೂ ಅದನ್ನು ಹಚ್ಚುವ ದ್ರಾವಣದಲ್ಲಿ ಇನ್ನೇನಿದೆ ಎಂಬುದು ಬೇರೆಯೇ ಪ್ರಶ್ನೆ.

ಮೇಣದ ಅಡಿಯಲ್ಲಿ ಏನಿದೆ ಎಂಬುದು ಇನ್ನೊಂದು ಪ್ರಶ್ನೆ. ದೂರದ ದೇಶಗಳಿಂದ ಬರುವ ಕಿತ್ತಳೆ, ನಿಂಬೆಗಳಿಗೆ ಬೂಸ್ಟು ಬಾರದಂತೆ ಇಮಾಜಲಿಲ್, ಥಯಾಬೆಂಡಜೋಲ್‌ನಂಥ ಶಿಲೀಂಧ್ರನಾಶಕ ಬಳಸುವುದುಂಟು. ಅದನ್ನು ಮೇಣದಲ್ಲೇ ಬೆರೆಸಿ ಹಚ್ಚುವುದೂ ಇದೆ. ಹಣ್ಣು ಸುಲಿದು ತಿನ್ನುವವರಿಗೆ ಇದರಿಂದ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಸಿಪ್ಪೆ ಸಮೇತ ಉಪ್ಪಿನಕಾಯಿ ಹಾಕುವವರು, ಸಿಪ್ಪೆ ತುರಿದು ಕೇಕಿಗೆ ಹಾಕುವ ಹೆಣ್ಣುಮಕ್ಕಳು ಮಾತ್ರ ಹೊಳೆಯುವ ಆಮದು ನಿಂಬೆಯನ್ನು ಬಿಟ್ಟು ಊರಿನ ನಿಂಬೆಯನ್ನೇ ತರುವುದು ಒಳ್ಳೆಯದು.

ನಮ್ಮ ದ್ರಾಕ್ಷಿ ಬೆಳೆಗಾರರ ಅನುಭವವೂ ಇದನ್ನೇ ಹೇಳುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿ ಅಲ್ಲಿ ತಿರಸ್ಕಾರವಾಗಿ ಮಹಾರಾಷ್ಟ್ರದ ಬೆಳೆಗಾರರೂ ರಫ್ತುದಾರರೂ ದೊಡ್ಡ ನಷ್ಟ ಅನುಭವಿಸಿದರು. ಕಾರಣ ಮೇಲಿನ ಬಿಳಿ ಪದರವಲ್ಲ. ಬಳ್ಳಿಯ ಬೆಳವಣಿಗೆ ನಿಯಂತ್ರಿಸಲು ಬಳಸುವ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಉಳಿಕೆ. ಕಣ್ಣಿಗೆ ಕಾಣುವ ಬಿಳಿ ಪದರ ನಿರಪರಾಧಿ, ಕಣ್ಣಿಗೆ ಕಾಣದ್ದು ಅಪರಾಧಿ. ರಫ್ತಿನ ದ್ರಾಕ್ಷಿಗೆ ಈಗ ತೋಟದ ನೋಂದಣಿಯಿಂದ ಪ್ರಯೋಗಾಲಯದ ಪರೀಕ್ಷೆಯವರೆಗೆ ದಾಖಲೆಯ ವ್ಯವಸ್ಥೆಯಿದೆ. ನಮ್ಮ ಊರಿನ ಅಂಗಡಿಗೆ ಬರುವ ದ್ರಾಕ್ಷಿಗೆ ಅಂಥ ಕಾವಲು ಇಲ್ಲ. ಆದ್ದರಿಂದ ಮೇಣಕ್ಕೆ ಹೆದರದಿದ್ದರೂ ಹಣ್ಣನ್ನು ತೊಳೆದೇ ತಿನ್ನಬೇಕು.

ಒಣದ್ರಾಕ್ಷಿಯ ವಿಷಯದಲ್ಲೂ ಹಾಗೆಯೇ. ಬಂಗಾರದ ಬಣ್ಣದ ಒಣದ್ರಾಕ್ಷಿಗೆ ಆ ಬಣ್ಣ ಉಳಿಯಲು ಗಂಧಕದ ಹೊಗೆ ಕೊಡುತ್ತಾರೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಅಸ್ತಮಾ ಇರುವ ಕೆಲವರಿಗೆ ಗಂಧಕದ ಡೈಆಕ್ಸೈಡ್ ಉಸಿರಾಟದ ತೊಂದರೆ ತರಬಲ್ಲದು. ಮನೆಯಲ್ಲಿ ಅಸ್ತಮಾದ ಮಗುವಿದ್ದರೆ ಪ್ಯಾಕೆಟ್ಟಿನ ಮೇಲೆ 220 ಎಂಬ ಸಂಖ್ಯೆ ಇದೆಯೇ ನೋಡಿ.

ಹಸಿರು ಚುಕ್ಕೆ ಹೇಳದ ಮಾತು

ನಮ್ಮ ದೇಶದ ಕಾನೂನು ತಾಜಾ ಹಣ್ಣಿಗೆ ಮೂರು ಮೇಣಗಳನ್ನು ಒಪ್ಪಿದೆ: ಜೇನುಮೇಣ, ಕಾರ್ನೌಬಾ ಮತ್ತು ಶೆಲಾಕ್. ಅದೂ ಯಾವ ಮೇಣ ಹಚ್ಚಿದೆ ಎಂದು ಲೇಬಲ್ಲಿನಲ್ಲಿ ಹೆಸರು ಬರೆಯಬೇಕೆಂಬ ಷರತ್ತಿನ ಮೇಲೆ. ತಾಜಾ ಹಣ್ಣಿಗೆ ಪೆಟ್ರೋಲಿಯಂ ಮೇಣ, ಖನಿಜ ತೈಲ ಹಚ್ಚಿ ಮಾರುವಂತಿಲ್ಲ. ಕಾನೂನು ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದರೆ ಪೆಟ್ಟಿಗೆಯ ಮೇಲೆ ಬರೆದ ಹೆಸರು ಸಗಟು ಮಾರುಕಟ್ಟೆಯಲ್ಲೇ ಉಳಿಯುತ್ತದೆ. ಬಿಡಿಯಾಗಿ ಎರಡು ಕಿಲೋ ಸೇಬು ಕೊಳ್ಳುವ ನಮಗೆ ಅದು ತಲುಪುವುದೇ ಇಲ್ಲ.

ಇನ್ನು ಪ್ಯಾಕೆಟ್ ತಿನಿಸುಗಳ ಹಸಿರು ಚುಕ್ಕೆ. ಹಸಿರು ಚುಕ್ಕೆ ಇದ್ದರೆ ಎಲ್ಲವೂ ಸಸ್ಯದಿಂದ ಬಂದದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಮ್ಮ ಲೇಬಲ್ ನಿಯಮದ ಪ್ರಕಾರ ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಶೆಲಾಕ್ ಇವು ಮಾಂಸಾಹಾರದ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಹುಳುವಿನಿಂದ ಬಂದ ಶೆಲಾಕ್ ಹಚ್ಚಿದ ಚಾಕೊಲೇಟಿಗೂ ಹಸಿರು ಚುಕ್ಕೆಯೇ ಸಿಗುತ್ತದೆ. ಇದರಲ್ಲಿ ಮೋಸವೇನಿಲ್ಲ, ನಿಯಮವೇ ಹಾಗಿದೆ. ಆದರೆ ಹಸಿರು ಚುಕ್ಕೆಯನ್ನು "ಸಸ್ಯಜನ್ಯ ಮೇಣ" ಎಂದು ಓದುವುದು ತಪ್ಪು. ಅದನ್ನು ಹಲಾಲಿನ ಮುದ್ರೆ ಎಂದು ಓದುವುದಂತೂ ಇನ್ನೂ ದೊಡ್ಡ ತಪ್ಪು.

ನಿಜವಾಗಿ ಓದಬೇಕಾದದ್ದು ಸಂಖ್ಯೆಗಳನ್ನು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರಗಳಲ್ಲಿ "ಗ್ಲೇಝಿಂಗ್ ಏಜೆಂಟ್" ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿರುತ್ತಾರೆ. 901 ಎಂದರೆ ಜೇನುಮೇಣ. 902 ಕ್ಯಾಂಡೆಲಿಲ್ಲ. 903 ಕಾರ್ನೌಬಾ. 904 ಶೆಲಾಕ್. 905 ಎಂದು ಆರಂಭವಾದರೆ ಪೆಟ್ರೋಲಿಯಂ ಮೂಲದ್ದು. ಸಸ್ಯದ್ದೇ ಬೇಕೆನ್ನುವವರು 902, 903 ನೋಡಿದರೆ ಸಾಕು. ಐದೇ ಸಂಖ್ಯೆ. ಮಕ್ಕಳಿಗೆ ಹೇಳಿಕೊಟ್ಟರೆ ಅವರು ನಮಗಿಂತ ಬೇಗ ಕಲಿಯುತ್ತಾರೆ.

ಅರಗಿನ ವಿಷಯ

ಶೆಲಾಕ್ ಎಂಬ ಹೆಸರು ಹೊಸದಾಗಿ ಕೇಳಿಸಬಹುದು, ವಸ್ತು ಹಳೆಯದು. ಅದು ನಮ್ಮ ಕನ್ನಡದ ಅರಗು. ಕೆಲವು ಮರಗಳ ಕೊಂಬೆಯ ಮೇಲೆ ಕೂತು ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಸ್ರವಿಸುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ, ಹೊಳಪು ಬರುವುದು ಅರಗಿನಿಂದಲೇ. ಜಾರ್ಖಂಡಿನಲ್ಲಿ ಅರಗಿನ ಕೃಷಿ ದೊಡ್ಡ ಕಸುಬು. ರಾಂಚಿಯ ನಾಮ್‌ಕುಮ್‌ನಲ್ಲಿ ಅದರ ಸಂಶೋಧನೆಗೆಂದೇ 1920ರ ದಶಕದಲ್ಲಿ ಸಂಸ್ಥೆಯೊಂದು ಹುಟ್ಟಿತು.

ಆರೋಗ್ಯದ ದೃಷ್ಟಿಯಿಂದ ಶೆಲಾಕಿನ ಮೇಲೆ ದೊಡ್ಡ ದೂರು ಇಲ್ಲ. ನಮ್ಮ ಮನೆಗಳಲ್ಲಿ ಬರುವ ಪ್ರಶ್ನೆ ಬೇರೆ: ಕೀಟದಿಂದ ಬಂದದ್ದು ತಿನ್ನಬಹುದೇ? ಇಂಡೋನೇಷ್ಯಾದ ಉಲಮಾ ಮಂಡಳಿ 2013ರಲ್ಲಿ ಈ ಬಗ್ಗೆ ಫತ್ವಾ ಹೊರಡಿಸಿ ಶೆಲಾಕ್ ಹಲಾಲ್ ಎಂದು ಹೇಳಿದೆ. ಅಲ್ಲಿಯವರು ನಮ್ಮಂತೆ ಹೆಚ್ಚಾಗಿ ಶಾಫಿಈ ಮದ್‌ಹಬಿನವರು ಎಂಬುದರಿಂದ ಅದು ನಮಗೆ ಗಮನಾರ್ಹ. ಆದರೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ನಿಮ್ಮ ಉಸ್ತಾದರಿದ್ದಾರೆ. ನನ್ನ ಮಾತು ಇಷ್ಟೆ: ಉಸ್ತಾದರನ್ನು ಕೇಳಬೇಕಾದರೂ ಮೊದಲು ಹೆಸರು ಗೊತ್ತಿರಬೇಕು. "ಹಣ್ಣಿಗೆ ಮೇಣ ಹಚ್ಚುತ್ತಾರಂತೆ, ಹಲಾಲಾ?" ಎಂದು ಕೇಳಿದರೆ ಅವರಾದರೂ ಏನು ಹೇಳಿಯಾರು?

ಮಾತ್ರೆಯ ಹೊಳಪು, ಮಾತ್ರೆಯ ಒಡಲು

ವಿಟಮಿನ್ ಗಮ್ಮಿಗಳ ಡಬ್ಬಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಮುಂದೆ "ಸಸ್ಯಜನ್ಯ ಮೇಣದ ಲೇಪನ" ಎಂದಿರುತ್ತದೆ. ಹಿಂದೆ ತಿರುಗಿಸಿದರೆ ಪದಾರ್ಥಗಳ ಪಟ್ಟಿಯಿರುತ್ತದೆ. ಅದರಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ. ಸಕ್ಕರೆ, ಗ್ಲೂಕೋಸ್ ಸಿರಪ್ ಮೊದಲ ಸಾಲಿನಲ್ಲೇ ಇರುತ್ತವೆ. ಬಹಳಷ್ಟು ಗಮ್ಮಿಗಳಲ್ಲಿ ಅವುಗಳ ಹಿಂದೆಯೇ ಜೆಲಾಟಿನ್ ಬರುತ್ತದೆ. ಕಾರ್ನೌಬಾ ಕಟ್ಟಕಡೆಯಲ್ಲಿ. ಜೆಲಾಟಿನ್ ದನದ್ದೋ ಹಂದಿಯದೋ ಮೀನಿನದೋ, ದನದ್ದಾದರೆ ಹೇಗೆ ಕೊಯ್ದದ್ದೋ ಎಂಬ ಪ್ರಶ್ನೆ ಅಲ್ಲೇ ಬಾಕಿ. ಮೀನೆಣ್ಣೆಯ ಮೆತ್ತಗಿನ ಕ್ಯಾಪ್ಸೂಲುಗಳ ಹೊದಿಕೆಯೂ ಸಾಮಾನ್ಯವಾಗಿ ಜೆಲಾಟಿನ್ನೇ. ನಾವು ತಲೆಕೆಡಿಸಿಕೊಳ್ಳಬೇಕಾದದ್ದು ಒಡಲಿನ ಬಗ್ಗೆ. ನಮ್ಮ ಗಮನ ಮಾತ್ರ ಹೊಳಪಿನ ಮೇಲಿದೆ.

ಅದಕ್ಕಿಂತ ಮುಖ್ಯವಾಗಿ, ಆ ಮಾತ್ರೆ ನಿಜವಾಗಿ ಬೇಕೇ? ದುಬೈಯಿಂದ, ದಮ್ಮಾಮಿನಿಂದ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಬಾಟಲಿಯನ್ನು ವಯಸ್ಸಾದ ತಂದೆತಾಯಿ ವೈದ್ಯರಿಗೆ ಹೇಳದೆ ನುಂಗುತ್ತಾರೆ. ರಕ್ತ ತೆಳುವಾಗಿಸುವ ಔಷಧಿ, ಸಕ್ಕರೆ ಕಾಯಿಲೆಯ ಔಷಧಿ ಜೊತೆಗೇ ನಡೆದಿರುತ್ತದೆ. ಲೇಪನ ಸಸ್ಯದ್ದಾಗಿದ್ದರೂ ಒಳಗಿನ ಔಷಧಿ ಔಷಧಿಯೇ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಹೆಸರು ಒಂದೇ, ವಸ್ತು ಬೇರೆ

ಹೆಸರನ್ನು ಸರಿಯಾಗಿ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಅಮೆರಿಕದ ಅಪೀಲ್ ಎಂಬ ಕಂಪನಿ ಸಸ್ಯದ ಕೊಬ್ಬಿನಂಶದಿಂದ ಹಣ್ಣಿಗೆ ಹಚ್ಚುವ ಲೇಪನವೊಂದನ್ನು ತಯಾರಿಸಿದೆ. 2023ರಲ್ಲಿ ಆ ಲೇಪನ ಕಣ್ಣಿಗೆ ಅಪಾಯ, ಚರ್ಮಕ್ಕೆ ಅಪಾಯ ಎಂದು ಹೇಳುವ ಒಂದು ಸುರಕ್ಷತಾ ಪತ್ರ ಜಗತ್ತಿನಾದ್ಯಂತ ಹರಿದಾಡಿತು. ಆ ಪತ್ರ ನಿಜವಾದದ್ದೇ. ಆದರೆ ಅದು ಬ್ರಿಟನ್ನಿನ ಬೇರೊಂದು ಕಂಪನಿ ಮಾರುವ, ಅದೇ ಹೆಸರಿನ, ನೆಲ ಒರೆಸುವ ದ್ರಾವಣದ್ದು! ಹಣ್ಣಿನ ಲೇಪನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಲಕ್ಷಾಂತರ ಜನ ಅದನ್ನು ನಂಬಿದರು, ಹಂಚಿದರು. ಆ ಕಂಪನಿಯ ಮೇಲೆ ಕೇಳಬಹುದಾದ ಸರಿಯಾದ ಪ್ರಶ್ನೆಗಳು ಇದ್ದಿರಬಹುದು. ಸುಳ್ಳಿನ ಗದ್ದಲದಲ್ಲಿ ಅವು ಮುಚ್ಚಿಹೋದವು. ಸುಳ್ಳು ಸುದ್ದಿಯಿಂದ ಆಗುವ ದೊಡ್ಡ ನಷ್ಟ ಇದೇ.

ನಾವು ಮಾಡಬಹುದಾದದ್ದು

ಮನೆಯಲ್ಲಿ: ಹಣ್ಣನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಕುದಿಯುವ ನೀರು ಸುರಿಯಬೇಡಿ. ಕಾರ್ನೌಬಾ ಕರಗಲು 80 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಅಷ್ಟರಲ್ಲಿ ಹಣ್ಣೇ ಬೇಯುತ್ತದೆ. ಸಾಬೂನು ಬಳಸಬೇಡಿ. ತೀರಾ ಅಳುಕಿದ್ದರೆ ಸಿಪ್ಪೆ ಸುಲಿದು ಕೊಡಿ, ಹಣ್ಣು ಕೊಡುವುದನ್ನು ನಿಲ್ಲಿಸಬೇಡಿ. ಪೇರಳೆ, ಬಾಳೆ, ಪಪ್ಪಾಯಿಯಂಥ ಊರಿನ ಹಣ್ಣುಗಳಿಗೆ ಈ ತಲೆನೋವು ಹೆಚ್ಚಾಗಿ ಇರುವುದೇ ಇಲ್ಲ. ಮೇಣದ ಭಯದಲ್ಲಿ ಅವನ್ನು ಮರೆತು ಪ್ಯಾಕೆಟ್ ಜ್ಯೂಸಿಗೆ ಹೋಗುವುದು ಮಾತ್ರ ಬೇಡ.

ಅಂಗಡಿಯಲ್ಲಿ: ಕರಾವಳಿಯ ಹಣ್ಣಿನ ವ್ಯಾಪಾರದಲ್ಲಿ ನಮ್ಮವರೇ ಬಹಳ ಜನರಿದ್ದಾರೆ. ಅವರಲ್ಲಿ ನನ್ನ ವಿನಂತಿ ಒಂದೇ. ಪೆಟ್ಟಿಗೆ ಒಡೆಯುವಾಗ ಅದರ ಮೇಲೆ ಮೇಣದ ಹೆಸರು ಬರೆದಿದ್ದರೆ ಆ ಪಟ್ಟಿಯನ್ನು ಕತ್ತರಿಸಿ ಹಣ್ಣಿನ ರಾಶಿಯ ಮುಂದೆ ಸಿಕ್ಕಿಸಿಡಿ. ಬರೆದಿಲ್ಲವಾದರೆ ಸಗಟು ವ್ಯಾಪಾರಿಯನ್ನು ಕೇಳಿ. ಹತ್ತು ಅಂಗಡಿಯವರು ಕೇಳಿದರೆ ಹನ್ನೊಂದನೆಯ ಪೆಟ್ಟಿಗೆಯ ಮೇಲೆ ಹೆಸರು ಬರುತ್ತದೆ. ಇದಕ್ಕೆ ಖರ್ಚಿಲ್ಲ. ಗಿರಾಕಿಯ ನಂಬಿಕೆ ಮಾತ್ರ ಹೆಚ್ಚುತ್ತದೆ.

ಸಂಶಯ ಬಲವಾಗಿದ್ದರೆ: ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕನ್ನು 2006ರ ಆಹಾರ ಸುರಕ್ಷತಾ ಕಾಯ್ದೆ ಸಾಮಾನ್ಯ ಗ್ರಾಹಕನಿಗೂ ಕೊಟ್ಟಿದೆ. ಒಬ್ಬರಿಗೆ ಕಷ್ಟವಾದರೆ ಜಮಾಅತಿನ ಯುವಕರ ಸಂಘವೋ ಮಹಿಳೆಯರ ಗುಂಪೋ ಸೇರಿ ಮಾಡಬಹುದು. ಒಂದು ಪರೀಕ್ಷೆಯ ವರದಿ ಸಾವಿರ ವೀಡಿಯೊಗಳಿಗಿಂತ ತೂಕದ್ದು.

ಮತ್ತೆ ಆ ಸೇಬು ಕೆರೆಯುವ ವೀಡಿಯೊ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಒಂದು ಸಾಲು ಬರೆಯಿರಿ: "ಯಾವ ಮೇಣ? ಹೆಸರು ಹೇಳಿ." ಉತ್ತರ ಬಂದರೆ ನಾವೆಲ್ಲ ಏನಾದರೂ ಕಲಿಯುತ್ತೇವೆ. ಬಾರದಿದ್ದರೆ ಆ ವೀಡಿಯೊ ಅಲ್ಲಿಗೇ ನಿಲ್ಲಲಿ. ನಮ್ಮ ಮಕ್ಕಳಿಗೆ ಹಣ್ಣೂ ಬೇಕು, ಸತ್ಯವೂ ಬೇಕು. ಬಿಳೂರಿನಂಥ ಬರದ ಸೀಮೆಯಲ್ಲಿ ಹನಿ ಹನಿ ನೀರು ಎಣಿಸಿ ಹಣ್ಣು ಬೆಳೆದವನ ದುಡಿಮೆಗೂ ಅಷ್ಟು ಮರ್ಯಾದೆ ಸಲ್ಲಬೇಕು.